ಗೋಧಿಯ ತಾಯಿಯನ್ನು ಹುಡುಕಿದವರು ಸಂಧಾನದ ಮೇಜಿಗೆ ಬಂದ ಬಗೆ

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಕೃಷಿ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮೂರು ಗೋಕಾಕ ತಾಲ್ಲೂಕಿನಲ್ಲಿದೆ. ಅಪ್ಪ ಎರಡು ಎಕರೆಯಲ್ಲಿ ಜವೆ ಗೋಧಿ ಬೆಳೆಯುತ್ತಾರೆ. ಈಚೆಗೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಆರನ್ ಆರನ್‌ಸನ್ ಎಂಬ ಯಹೂದಿ ಕೃಷಿ ವಿಜ್ಞಾನಿ ಗೋಧಿಯ ತಾಯಿಯನ್ನು ಕಂಡುಹಿಡಿದರಂತೆ. ಈಗ ನಾವು ತಿನ್ನುವ ಗೋಧಿಯೆಲ್ಲ ಅದರಿಂದಲೇ ಬಂದಿದ್ದಂತೆ. ಆಮೇಲೆ ಅವರು ಇಸ್ರೇಲಿನ ಮೊದಲ ರಾಯಭಾರಿಯಾದರಂತೆ. ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳಕ್ಕೆ ದಾರಿ ತೋರಿಸಿದ್ದೂ ಅವರೇ, ಕೊನೆಗೆ ಬ್ರಿಟಿಷರು ಅವರನ್ನು ವಿಮಾನದಲ್ಲಿ ಸಾಯಿಸಿದರು ಅಂತಲೂ ಇದೆ. ಇದರಲ್ಲಿ ಎಷ್ಟು ನಿಜ? ಇದನ್ನು ಓದಿದ ಮೇಲೆ ನನಗೂ ವಿದೇಶಾಂಗ ಸೇವೆಗೆ ಹೋಗುವ ಆಸೆ ಜಾಸ್ತಿಯಾಗಿದೆ. "ಆಫೀಸಿಗೆ ಹೋಗೋದಿದ್ರೆ ಹೊಲದ ಓದು ಯಾಕೆ ಓದಿದೆ?" ಅಂತ ಅಪ್ಪ ಕೇಳುತ್ತಾರೆ. ಇನ್ನೊಂದು ಮಾತು. ಪಕ್ಕದ ಊರಿನಲ್ಲಿ ಒಬ್ಬರು 'ಇಸ್ರೇಲಿನ ತಾಯಿ ಗೋಧಿ' ಅಂತ ಹೇಳಿ ದುಬಾರಿ ಬೆಲೆಗೆ ಬೀಜ ಮಾರುತ್ತಿದ್ದಾರೆ. ಅಪ್ಪ ಕೊಳ್ಳಬಹುದಾ?

ಉತ್ತರ: ಮೊದಲು ಬೀಜದ ಮಾತು ಮುಗಿಸಿಬಿಡೋಣ. ಅದರಲ್ಲಿ ದುಡ್ಡು ಹೋಗುವ ಭಯ ಇದೆ. ಕೊಳ್ಳಬೇಡಿ. ಆ ಚೀಲದಲ್ಲಿ ಇರುವುದು ನಿಜವಾದ ಕಾಡು ಗೋಧಿ ಆಗಿರಲಾರದು. ಒಂದು ವೇಳೆ ಆಗಿದ್ದರೆ ನಿಮ್ಮ ಅಪ್ಪನಿಗೆ ನಷ್ಟ ಇನ್ನೂ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಆರನ್‌ಸನ್ ಅವರ ಕಥೆಯಲ್ಲೇ ಅದರ ಉತ್ತರವೂ ಇದೆ.

ನಾನು ಗೋಧಿ ತಳಿ ಅಭಿವೃದ್ಧಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕೆಲಸದವರಿಗೆ ಆರನ್‌ಸನ್ ಹೆಸರು ಹೊಸದಲ್ಲ. ಆದರೆ ನಿಮಗೆ ಬಂದ ಸಂದೇಶದಲ್ಲಿ ನಿಜದ ಜೊತೆ ಸುಳ್ಳು ಬೆರೆತಿದೆ. ಅವರ ನಿಜವಾದ ಬದುಕೇ ಆ ಸಂದೇಶಕ್ಕಿಂತ ದೊಡ್ಡದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1876ರಲ್ಲಿ, ರೊಮೇನಿಯಾದ ಬಕಾವು ಎಂಬ ಊರಲ್ಲಿ. ಆರು ವರ್ಷದವರಿದ್ದಾಗ ಮನೆಯವರು ಪ್ಯಾಲೆಸ್ಟೈನಿಗೆ ಬಂದರು. ಆಗ ಅದು ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಕಾರ್ಮೆಲ್ ಬೆಟ್ಟಸಾಲಿನ ದಕ್ಷಿಣದ ತುದಿಯಲ್ಲಿ ಜಿಕ್ರೋನ್ ಯಾಕೋವ್ ಎಂಬ ಹಳ್ಳಿ ಕಟ್ಟಿದವರಲ್ಲಿ ಇವರ ಮನೆತನವೂ ಒಂದು. ಆ ಹಳ್ಳಿಗಳಿಗೆ ಹಣ ಕೊಡುತ್ತಿದ್ದವರು ಫ್ರಾನ್ಸಿನ ಬ್ಯಾರನ್ ಎಡ್ಮಂಡ್ ಡಿ ರಾಥ್‌ಚೈಲ್ಡ್. ಅವರೇ ಈ ಚುರುಕು ಹುಡುಗನನ್ನು ಪ್ಯಾರಿಸ್ ಹತ್ತಿರದ ಗ್ರಿನ್ಯೋನ್ ಕೃಷಿ ಕಾಲೇಜಿಗೆ ಕಳಿಸಿದರು. ಓದು ಮುಗಿಸಿ ಬಂದವರು ಕೆಲವು ಕಾಲ ಮೆತುಲ್ಲಾ ಎಂಬ ಹಳ್ಳಿಯಲ್ಲಿ ಬ್ಯಾರನ್ ಪರವಾಗಿ ಕೃಷಿ ಸಲಹೆಗಾರರಾಗಿದ್ದರು. ಆಮೇಲೆ ಆ ಕೆಲಸ ಬಿಟ್ಟು, ಪ್ರದೇಶವೆಲ್ಲ ಸುತ್ತುತ್ತಾ ಗಿಡ, ಕಲ್ಲು, ಮಣ್ಣು ಕೂಡಿಸತೊಡಗಿದರು.

ಈಗ ಗೋಧಿಗೆ ಬರೋಣ. ಆರನ್‌ಸನ್ ಕಾಡು ಗೋಧಿಯನ್ನು ಶೂನ್ಯದಿಂದ ಕಂಡುಹಿಡಿಯಲಿಲ್ಲ. 1855ರಲ್ಲಿ ಕೊಚಿ ಎಂಬ ಸಸ್ಯ ಸಂಗ್ರಾಹಕರು ಈಗಿನ ಸಿರಿಯಾ-ಲೆಬನಾನ್ ಗಡಿಯ ಹೆರ್ಮೋನ್ ಬೆಟ್ಟದ ಕಡೆಯಿಂದ ಕಾಡು ಬಾರ್ಲಿಯ ಮಾದರಿ ತಂದಿದ್ದರು. ಅದರ ಜೊತೆ ಬೇರೊಂದು ಹುಲ್ಲಿನ ತೆನೆಯೂ ಸೇರಿಕೊಂಡಿತ್ತು. ವಿಯೆನ್ನಾದ ಸಂಗ್ರಹಾಲಯದಲ್ಲಿ ಅದು ಸುಮ್ನೆ ಬಿದ್ದಿತ್ತು. 1873ರಲ್ಲಿ ಕೋರ್ನಿಕೆ ಎಂಬ ಜರ್ಮನ್ ವಿಜ್ಞಾನಿ ಅದನ್ನು ನೋಡಿ, ಇದು ಗೋಧಿಯ ಕಾಡು ರೂಪ ಅಂತ ಗುರುತಿಸಿದರು. ಆದರೆ ಒಣಗಿದ ಒಂದು ಚೂರು ತೆನೆ ನೋಡಿ ಯಾರು ನಂಬುತ್ತಾರೆ? ಆ ಗಿಡ ಈಗಲೂ ಬೆಳೆಯುತ್ತಿದೆಯಾ, ಎಲ್ಲಿ ಬೆಳೆಯುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಸಸ್ಯಶಾಸ್ತ್ರಜ್ಞರು ಆರನ್‌ಸನ್‌ಗೆ, ಹುಡುಕಿ ನೋಡಿ ಅಂದರು. 1906ರ ಜೂನ್‌ನಲ್ಲಿ ರೋಶ್ ಪಿನ್ನಾ ಹಳ್ಳಿಯ ದ್ರಾಕ್ಷಿ ತೋಟದ ಹತ್ತಿರ, ಬಂಡೆಯ ಬಿರುಕಿನಲ್ಲಿ ಅವರಿಗೆ ಒಂದು ಗಿಡ ಕಂಡಿತು. ಆಮೇಲೆ ಹೆರ್ಮೋನ್ ಇಳಿಜಾರಿನಲ್ಲಿ ಕಾಡು ಬಾರ್ಲಿಯ ನಡುವೆ ಅದೇ ಗಿಡ ಬೇಕಾದಷ್ಟು ಸಿಕ್ಕಿತು.

ಒಂದು ಒಣ ತೆನೆಯ ಊಹೆಯನ್ನು ಜೀವಂತ ಗಿಡವಾಗಿ ಎಲ್ಲರ ಕೈಗೆ ಕೊಟ್ಟರಲ್ಲ, ಅವರ ದೊಡ್ಡ ಕೆಲಸ ಅದು. ಅದು ಕಲ್ಲು ಜಾಗದಲ್ಲಿ, ಒಣ ನೆಲದಲ್ಲಿ, ಬೆಟ್ಟದ ಮೇಲೂ ಕೆಳಗೂ ಬೆಳೆಯುತ್ತದೆ ಅಂತ ಅವರು ಗಮನಿಸಿದರು. ಅದರ ಗಟ್ಟಿತನವನ್ನು ಊರ ಗೋಧಿಗೆ ತಂದರೆ ಒಣ ಭೂಮಿಯಲ್ಲೂ ಗೋಧಿ ಬೆಳೆಯಬಹುದು ಅಂತ ಬರೆದರು. 1910ರಲ್ಲಿ ಅಮೆರಿಕದ ಕೃಷಿ ಇಲಾಖೆ ಅವರ ವರದಿಯನ್ನು ಪ್ರಕಟಿಸಿತು.

ಹಾಗಾದ್ರೆ ನಾವು ತಿನ್ನುವ ಗೋಧಿಯೆಲ್ಲ ಅವರ ಗಿಡದಿಂದ ಬಂತಾ? ಇಲ್ಲ. ಕಾಡು ಗೋಧಿಯನ್ನು ಮನುಷ್ಯ ಪಳಗಿಸಿದ್ದು ಸುಮಾರು 10,000 ವರ್ಷಗಳ ಹಿಂದೆ. ಅದು ಪಳಗಿ ಆದದ್ದೇ ಎಮ್ಮರ್ ಗೋಧಿ. ನಿಮ್ಮ ಅಪ್ಪ ಬೆಳೆಯುವ ಜವೆ ಗೋಧಿ ಅದೇ! ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ನಾವು ಬಳಸುವ ಗೋಧಿ. ರೋಶ್ ಪಿನ್ನಾದ ಆ ಗಿಡ ನಿಮ್ಮ ಹೊಲದ ಬೆಳೆಯ ಹಳೇ ತಾಯಿ ಬಳಗದ್ದು ಅನ್ನಬಹುದು. ಎರಡರಲ್ಲೂ 28 ಕ್ರೋಮೋಸೋಮ್‌ಗಳಿವೆ. ಚಪಾತಿಯ ಗೋಧಿ ಆದದ್ದು ಆಮೇಲೆ. ಎಮ್ಮರ್ ಗೋಧಿಗೆ ಇನ್ನೊಂದು ಕಾಡು ಹುಲ್ಲು ಬೆರೆತು 42 ಕ್ರೋಮೋಸೋಮ್‌ಗಳ ಗೋಧಿ ಹುಟ್ಟಿತು. ಇದೆಲ್ಲ ಆರನ್‌ಸನ್ ಹುಟ್ಟುವ ಸಾವಿರಾರು ವರ್ಷ ಮೊದಲೇ ನಡೆದುಹೋಗಿತ್ತು. 1960ರ ದಶಕದಲ್ಲಿ ನಮ್ಮ ದೇಶದ ಗೋಧಿ ಇಳುವರಿ ಏರಿಸಿದ್ದು ಗಿಡ್ಡ ತಳಿಗಳು. ಅವುಗಳ ಗಿಡ್ಡತನ ಬಂದದ್ದು ಜಪಾನಿನ ನೋರಿನ್ 10 ಎಂಬ ತಳಿಯಿಂದ.

ಆದರೂ ಆರನ್‌ಸನ್ ಊಹೆ ವ್ಯರ್ಥವಾಗಲಿಲ್ಲ. ತಡವಾಗಿ ಫಲ ಕೊಟ್ಟಿತು. ಹಳದಿ ತುಕ್ಕು ರೋಗವನ್ನು ತಡೆಯುವ ವೈ.ಆರ್.15 ಎಂಬ ಜೀನ್ ಕಾಡು ಎಮ್ಮರ್‌ನಿಂದಲೇ ಬಂದಿದೆ. ಕಾಳಿನ ಪ್ರೋಟೀನ್ ಹೆಚ್ಚಿಸುವ ಇನ್ನೊಂದು ಜೀನ್ ಕೂಡ ಅದರಲ್ಲೇ ಸಿಕ್ಕಿತು. ಅದನ್ನು ಬಿಡಿಸಿ ವಿವರಿಸಿದ್ದು 2006ರಲ್ಲಿ, ರೋಶ್ ಪಿನ್ನಾದ ಆ ಗಿಡಕ್ಕೆ ಸರಿಯಾಗಿ 100 ವರ್ಷ ತುಂಬಿದಾಗ.

ಈಗ ಬೀಜದ ಮಾತಿಗೆ ಕಾರಣ ಹೇಳುತ್ತೇನೆ. ಕಾಡು ಗೋಧಿಯ ತೆನೆ ಬಲಿತ ಕೂಡಲೇ ಒಡೆದು ನೆಲಕ್ಕೆ ಉದುರುತ್ತದೆ. ಕಾಡಿನಲ್ಲಿ ಬದುಕಲು ಅದಕ್ಕೆ ಆ ಗುಣ ಬೇಕು. ರೈತನಿಗೆ ಅದು ಶಾಪ. ನಾನು ಒಮ್ಮೆ ಜವೆ ಗೋಧಿಗೆ ಕಾಡು ಗೋಧಿಯನ್ನು ಕೂಡಿಸಿ ನೋಡಿದ್ದೆ. ಎರಡನೇ ಪೀಳಿಗೆಯಲ್ಲಿ ಎಷ್ಟೋ ಗಿಡಗಳ ಕಾಳು ಕೈಗೆ ಬರುವ ಮೊದಲೇ ಮಣ್ಣು ಸೇರಿತ್ತು. ಉಳಿದ ಗಿಡಗಳು ಹುಲ್ಲಿನ ಹಾಗೆ ಹಬ್ಬಿದ್ದವು, ಕಾಳು ಸಣಕಲು. ಒಂದು ಒಳ್ಳೆಯ ಗುಣವನ್ನು ಬೇರ್ಪಡಿಸಿ ತಳಿಗೆ ತರಲು ಹತ್ತಾರು ವರ್ಷ ಬೇಕಾಗುತ್ತದೆ. ಅದು ಸಂಶೋಧನಾ ಕೇಂದ್ರದ ಕೆಲಸ, ಎರಡು ಎಕರೆ ಇರುವ ರೈತನ ಕೆಲಸ ಅಲ್ಲ. ಜೊತೆಗೆ, ಹೊರದೇಶದ ಬೀಜವನ್ನು ಪರವಾನಗಿ ಮತ್ತು ರೋಗ ತಪಾಸಣೆ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ. ಮಾರುವವರ ಹತ್ತಿರ ಆ ಕಾಗದ ಕೇಳಿ. ಅಪ್ಪನಿಗೆ ಹೊಸ ಬೀಜ ಬೇಕಿದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ತಳಿಗಳಿವೆ. ಗಿಡ್ಡ, ಬೀಳುವುದಿಲ್ಲ, ನಮ್ಮ ಹವೆಗೆ ಹೊಂದಿದ ಜವೆ ಗೋಧಿ.

ಇನ್ನು ಅವರ ಬದುಕಿನ ಎರಡನೇ ಭಾಗ. ನಿಮ್ಮ ಆಸೆಗೆ ಸಂಬಂಧಪಟ್ಟದ್ದು ಇದೇ.

ಕಾಡು ಗೋಧಿಯಿಂದ ಹೆಸರು ಬಂದ ಮೇಲೆ ಅವರು ಅಮೆರಿಕಕ್ಕೆ ಹೋದರು. ಅಲ್ಲಿನ ಯಹೂದಿ ಶ್ರೀಮಂತರು ಹಣ ಕೊಟ್ಟರು. 1910ರಲ್ಲಿ ಹೈಫಾದಿಂದ ಸ್ವಲ್ಪ ದಕ್ಷಿಣಕ್ಕೆ, ಸಮುದ್ರ ದಂಡೆಯ ಅಟ್ಲಿಟ್‌ನಲ್ಲಿ ಕೃಷಿ ಪ್ರಯೋಗ ಕೇಂದ್ರ ಶುರುವಾಯಿತು. ಹಣ ಕೊಡುವವರ ಮುಂದೆ ಕೂತು ಮಣ್ಣಿನ ಮಾತನ್ನು ಅವರಿಗೆ ಅರ್ಥವಾಗುವಂತೆ ಹೇಳುವುದನ್ನು ಅವರು ಕಲಿತದ್ದು ಆಗ. ನನ್ನ ಪ್ರಕಾರ ಅವರ ರಾಜತಾಂತ್ರಿಕತೆಯ ಮೊದಲ ಪಾಠ ಅದೇ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿತ್ತು, ತುರ್ಕರು ಬ್ರಿಟಿಷರ ವಿರುದ್ಧ ಇದ್ದರು. 1915ರ ಮಾರ್ಚ್‌ನಲ್ಲಿ ಮಿಡತೆಗಳು ಬಂದವು. ತಿಂಗಳುಗಟ್ಟಲೆ ಆ ಪ್ರದೇಶದ ಹಸಿರನ್ನೆಲ್ಲ ತಿಂದವು. ತುರ್ಕಿ ಸೇನಾಧಿಪತಿ ಜಮಾಲ್ ಪಾಶಾ ಮಿಡತೆ ನಿಯಂತ್ರಣದ ಹೊಣೆಯನ್ನು ಆರನ್‌ಸನ್‌ಗೆ ಕೊಟ್ಟರು. ಅವರಿಗೂ ಅವರ ಜನರಿಗೂ ಎಲ್ಲ ಕಡೆ ಓಡಾಡುವ ಅನುಮತಿ ಸಿಕ್ಕಿತು. ಓಡಾಡುವಾಗ ಕಂಡದ್ದು ಮಿಡತೆಯನ್ನಷ್ಟೇ ಅಲ್ಲ. ಹಸಿವು, ರೈತರಿಂದ ಸೇನೆ ಕಿತ್ತುಕೊಂಡ ಕಾಳು, ದನ. ಅದೇ ವರ್ಷದ ಕೊನೆಗೆ ಅವರ ತಂಗಿ ಸಾರಾ ಇಸ್ತಾಂಬುಲ್‌ನಿಂದ ವಾಪಸ್ ಬರುವಾಗ ದಾರಿಯಲ್ಲಿ ತುರ್ಕರು ಆರ್ಮೇನಿಯನ್ ಜನರ ಮೇಲೆ ನಡೆಸಿದ ಕ್ರೌರ್ಯವನ್ನು ಕಣ್ಣಾರೆ ಕಂಡರು. ನಾಳೆ ನಮಗೂ ಇದೇ ಗತಿ ಅಂತ ಆ ಮನೆಯವರಿಗೆ ಅನಿಸಿತು. ಅವರು ಬ್ರಿಟಿಷರಿಗೆ ಗುಟ್ಟಾಗಿ ಸುದ್ದಿ ಕೊಡಲು ನಿರ್ಧರಿಸಿದರು. ಅವರ ಗುಂಪಿನ ಹೆಸರು ನಿಲಿ.

1916ರಲ್ಲಿ ಆರನ್‌ಸನ್ ಸಂಶೋಧನೆಯ ನೆಪ ಹೇಳಿ ಬರ್ಲಿನ್ ಮತ್ತು ಕೋಪನ್‌ಹೇಗನ್ ಮೂಲಕ ಅಮೆರಿಕಕ್ಕೆ ಹೋಗುವ ಹಡಗು ಹತ್ತಿದರು. ಸ್ಕಾಟ್ಲೆಂಡಿನ ಉತ್ತರದ ಕಿರ್ಕ್‌ವಾಲ್ ಬಂದರಿನಲ್ಲಿ ಬ್ರಿಟಿಷರು ಅವರನ್ನು ಬಂಧಿಸಿದಂತೆ ನಾಟಕವಾಡಿ ಇಳಿಸಿಕೊಂಡರು. ಊರಲ್ಲಿದ್ದವರ ಮೇಲೆ ತುರ್ಕರಿಗೆ ಸಂಶಯ ಬರಬಾರದಲ್ಲ, ಅದಕ್ಕೆ. ಆ ವರ್ಷದ ಕೊನೆಗೆ ಅವರು ಕೈರೋದಲ್ಲಿದ್ದರು. ಸಾರಾ ಊರಿನಿಂದ ಜಾಲ ನಡೆಸಿದರು. ಬ್ರಿಟಿಷ್ ಸೇನೆಗೆ ಅವರು ಕೊಟ್ಟ ಮಾಹಿತಿಯಲ್ಲಿ ದಳಗಳ ಲೆಕ್ಕ ಇತ್ತು, ನಿಜ. ಆದರೆ ಬಾವಿ ಎಲ್ಲಿ, ನೀರು ಎಷ್ಟು ಆಳ, ಯಾವ ದಾರಿ ಮಳೆಯಲ್ಲಿ ಕೆಸರಾಗುತ್ತದೆ ಎಂಬುದು ಕೃಷಿ ವಿಜ್ಞಾನಿಗೆ ಮಾತ್ರ ಗೊತ್ತಿರುವ ವಿಷಯ. ಒಣ ನಾಡಿನಲ್ಲಿ ಕುದುರೆ ಸೇನೆ ನಡೆಸುವವರಿಗೆ ಅದಕ್ಕಿಂತ ಬೆಲೆಯ ಮಾತಿಲ್ಲ. 1917ರ ಅಕ್ಟೋಬರ್ 31ರಂದು ಬೀರ್‌ಶೇಬಾ ಎಂಬ ಪಟ್ಟಣ ಬ್ರಿಟಿಷರ ಕೈಗೆ ಬಿದ್ದಾಗ ಅಲ್ಲಿನ ಬಾವಿಗಳೇ ಮುಖ್ಯ ಗುರಿಯಾಗಿದ್ದವು.

ಅಷ್ಟರಲ್ಲಿ ಮನೆ ಉರಿದುಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಸುದ್ದಿ ಒಯ್ಯುತ್ತಿದ್ದ ಒಂದು ಪಾರಿವಾಳ ತುರ್ಕರ ಕೈಗೆ ಸಿಕ್ಕಿತ್ತು. ಅಕ್ಟೋಬರ್ 1ರಂದು ಸಾರಾಳ ಬಂಧನವಾಯಿತು. ದಿನಗಟ್ಟಲೆ ಚಿತ್ರಹಿಂಸೆ ಕೊಟ್ಟರು. ಅವರು ತಮಗೆ ತಾವೇ ಗುಂಡು ಹೊಡೆದುಕೊಂಡು ಅಕ್ಟೋಬರ್ 9ರಂದು ತೀರಿಕೊಂಡರು. ಗುಂಪಿನ ಇಬ್ಬರನ್ನು ಡಿಸೆಂಬರ್‌ನಲ್ಲಿ ಡಮಾಸ್ಕಸ್‌ನಲ್ಲಿ ಗಲ್ಲಿಗೇರಿಸಿದರು. ಮೊದಲೇ, ಜನವರಿಯಲ್ಲಿ, ಗೆಳೆಯ ಅವ್ಶಾಲೋಮ್ ಫೈನ್‌ಬರ್ಗ್ ರಫಾ ಹತ್ತಿರ ಮರಳಿನಲ್ಲಿ ಸತ್ತಿದ್ದರು. ಅಟ್ಲಿಟ್ ಕೇಂದ್ರವೂ ಯುದ್ಧದಲ್ಲಿ ಹಾಳಾಯಿತು. ಅವರದೇ ಸಮುದಾಯದಲ್ಲಿ ಎಷ್ಟೋ ಜನ, ಇವರಿಂದ ನಮ್ಮೆಲ್ಲರ ತಲೆಗೆ ಕುತ್ತು ಬಂತು ಅಂತ ಸಿಟ್ಟಾಗಿದ್ದರು. ಆ ಸಿಟ್ಟಿನಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲಾರೆ.

ಮೈಸೂರು ಲ್ಯಾನ್ಸರ್ಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೈಸೂರು ಮತ್ತು ಜೋಧಪುರದ ಕುದುರೆ ದಳಗಳು ಹೈಫಾವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ನಿಲಿ ಜಾಲ ಅದಕ್ಕೆ ಸುಮಾರು ಒಂದು ವರ್ಷ ಮೊದಲೇ ಮುರಿದುಬಿದ್ದಿತ್ತು. ಹಾಗಾಗಿ ದಾರಿ ತೋರಿಸಿದ ಮಾತು ಕಟ್ಟುಕಥೆ. ನಮ್ಮ ಸವಾರರ ಗೆಲುವಿಗೆ ಇನ್ನೊಬ್ಬರ ಹೆಸರು ಅಂಟಿಸುವ ಅಗತ್ಯವೂ ಇಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಹೋದಾಗ ನೋಡಿ.

ರಾಯಭಾರಿ ಎಂಬುದೂ ತಪ್ಪು. ಇಸ್ರೇಲ್ ಎಂಬ ದೇಶ ಆದದ್ದೇ 1948ರಲ್ಲಿ. ಆರನ್‌ಸನ್ ಕೆಲಸ ಮಾಡಿದ್ದು ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ನೆಲೆ ಬೇಕು ಎನ್ನುವ ಜಿಯೋನಿಸ್ಟ್ ಚಳವಳಿಯ ಪರವಾಗಿ, ಅದರ ಮುಖಂಡ ಹೈಮ್ ವೈಜ್‌ಮನ್ ಅವರ ಜೊತೆ. ಇಬ್ಬರಿಗೂ ಆಗಾಗ ಜಟಾಪಟಿ ಆಗುತ್ತಿತ್ತು, ಯಾಕಂದ್ರೆ ಆರನ್‌ಸನ್ ಮುಂಗೋಪಿ. 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನ ಶುರುವಾದಾಗ ಗಡಿಯ ನಕ್ಷೆ ಮತ್ತು ನೀರಿನ ವಿಷಯ ಅವರ ಪಾಲಿಗೆ ಬಂತು. ದೊಡ್ಡ ದೇಶಗಳು ಗಡಿಯನ್ನು ಗೆರೆ ಎಳೆದು ಹಂಚಲು ಹೊರಟಿದ್ದವು. ಆರನ್‌ಸನ್ ವಾದ ಬೇರೆ. ಈ ನಾಡು ಬದುಕುವುದು ಉತ್ತರದ ನೀರಿನಿಂದ. ಹೆರ್ಮೋನ್‌ನಿಂದ ಇಳಿಯುವ ಜೋರ್ಡಾನ್ ಮೂಲಗಳು, ಲಿಟಾನಿ ನದಿ, ಇವನ್ನು ಬಿಟ್ಟು ಗಡಿ ಹಾಕಿದರೆ ಕೆಳಗಿನ ಹೊಲಗಳಿಗೆ ಉಳಿಗಾಲ ಇಲ್ಲ ಅಂದರು. ಮಲಪ್ರಭಾ, ಮಹದಾಯಿ ಕೇಳಿ ಬೆಳೆದ ನಿಮಗೆ ಈ ವಾದ ಹೊಸದಾಗಿ ವಿವರಿಸಬೇಕಾಗಿಲ್ಲ, ಅಲ್ವಾ?

ಅವರು ಕೇಳಿದ್ದೆಲ್ಲ ಸಿಗಲಿಲ್ಲ. 1923ರಲ್ಲಿ ನಿಂತ ಗಡಿಯಲ್ಲಿ ಗಲಿಲೀ ಸರೋವರ ಪ್ಯಾಲೆಸ್ಟೈನ್ ಒಳಗೆ ಬಂತು, ಲಿಟಾನಿ ಹೊರಗೇ ಉಳಿಯಿತು. ಆ ಹೊತ್ತಿಗೆ ಅವರು ಬದುಕಿರಲಿಲ್ಲ. 1919ರ ಮೇ 15ರಂದು ಲಂಡನ್‌ನಿಂದ ಪ್ಯಾರಿಸ್‌ಗೆ ಹೊರಟ ಸಣ್ಣ ವಿಮಾನ ಇಂಗ್ಲಿಷ್ ಕಾಲುವೆಯಲ್ಲಿ ಬಿತ್ತು. 43 ತುಂಬಲು ಆರು ದಿನ ಬಾಕಿ ಇತ್ತು. ದೇಹ ಸಿಗಲಿಲ್ಲ. ದೇಹ ಸಿಗದ ಸಾವಿನ ಸುತ್ತ ಕಥೆ ಹುಟ್ಟುವುದು ಸಹಜ. ಬ್ರಿಟಿಷರು ಸಾಯಿಸಿದರು ಎಂಬುದಕ್ಕೆ ಪುರಾವೆ ಇಲ್ಲ. ಯುದ್ಧ ಮುಗಿದು ಆರು ತಿಂಗಳಾಗಿತ್ತು. ಆ ಕಾಲದ ವಿಮಾನದಲ್ಲಿ ಸಮುದ್ರ ದಾಟುವುದೇ ಜೀವದ ಮೇಲಿನ ಆಟ.

ಒಂದು ಮಾತನ್ನು ನಾನು ಮುಚ್ಚಿಡುವುದಿಲ್ಲ. ಅವರಿಗೆ ಆ ನೆಲದ ಪ್ರತಿ ಗಿಡ, ಪ್ರತಿ ಒರತೆ ಗೊತ್ತಿತ್ತು. ಅಟ್ಲಿಟ್‌ನಲ್ಲಿ ಅವರ ಜೊತೆ ದುಡಿದವರಲ್ಲಿ ಅರಬ್ ಕೂಲಿಯವರೂ ಇದ್ದರು. ಆದರೆ ಪ್ಯಾರಿಸ್‌ನಲ್ಲಿ ನಕ್ಷೆ ಬಿಡಿಸುವಾಗ ಆ ನೆಲದ ಬಹುಪಾಲು ಜನರಾದ ಅರಬರ ಒಪ್ಪಿಗೆ ಯಾರೂ ಕೇಳಲಿಲ್ಲ. ನೀರಿನ ಲೆಕ್ಕ ಸರಿಯಿತ್ತು, ಜನರ ಲೆಕ್ಕ ಬಿಟ್ಟುಹೋಗಿತ್ತು. ಅದರ ನೋವು ಇಂದಿಗೂ ಅಲ್ಲಿ ಮುಗಿದಿಲ್ಲ. ನಾವು ಕೃಷಿ ಓದಿದವರು ಈ ತಪ್ಪು ಬಹಳ ಸಲೀಸಾಗಿ ಮಾಡುತ್ತೇವೆ. ಮಣ್ಣಿನ ವರದಿ ಕೈಯಲ್ಲಿದ್ದರೆ ಊರೇ ಅರ್ಥವಾಯಿತು ಅಂದುಕೊಳ್ಳುತ್ತೇವೆ.

ಈಗ ನಿಮ್ಮ ದಾರಿ. ಆರನ್‌ಸನ್ ಹೊಲ ಬಿಟ್ಟು ರಾಜತಾಂತ್ರಿಕರಾಗಲಿಲ್ಲ. ಪ್ಯಾರಿಸ್‌ನಲ್ಲಿ ಅವರ ಮಾತಿಗೆ ಬೆಲೆ ಬಂದದ್ದೇ ಹೊಲದಿಂದ. ಹಾಗಾಗಿ ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಇದೆ. ನಾಲ್ಕು ವರ್ಷ ಹಾಳಾಗಿಲ್ಲ. ಆದರೆ ನೀವು ಯಾವ ಮೇಜಿನ ಮುಂದೆ ಕೂರಬೇಕು ಅಂತ ಮೊದಲು ತೀರ್ಮಾನಿಸಿ.

ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆ ಸೇರುವುದು ನೇರ ದಾರಿ. ಕೃಷಿಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಆದರೆ ಅಲ್ಲಿ ಸೇರಿದ ಮೇಲೆ ನಿಮಗೆ ಸಿಗುವುದು ಗೋಧಿಯ ಕೆಲಸವೇ ಅಂತ ಇಲ್ಲ. ವೀಸಾ, ವ್ಯಾಪಾರ, ಹೊಸ ಭಾಷೆ, ಮೂರು ವರ್ಷಕ್ಕೊಂದು ಊರು. ಆ ಬದುಕು ಇಷ್ಟವಾದರೆ ಹೋಗಿ. ಅಪಾಯ ಏನೆಂದರೆ ವಯಸ್ಸು. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6 ಅವಕಾಶಗಳಿವೆ. ಆರನ್ನೂ ಬಳಸುತ್ತೇನೆ ಅಂತ ಕೂತು ಓದನ್ನೂ ಮರೆತು, ಹೊಲಕ್ಕೂ ಬಾರದೆ ಉಳಿದ ಒಳ್ಳೆಯ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಅದು ನೋಡಲು ಬಹಳ ಸಂಕಟ. ಬರೆಯುವುದಾದರೆ ಎರಡು ಸಲ ಅಂತ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಎರಡನೇ ದಾರಿ ಉದ್ದ, ಆದರೆ ಆರನ್‌ಸನ್ ದಾರಿಗೆ ಹತ್ತಿರ. ತಳಿಶಾಸ್ತ್ರದಲ್ಲಿ ಎಂ.ಎಸ್ಸಿ., ಪಿಎಚ್.ಡಿ. ಮಾಡಿ, ಆಮೇಲೆ ಬೀಜದ ಸಂಧಾನಗಳಿಗೆ ಹೋಗುವುದು. ಇಂಥ ಕೆಲಸ ಇದೆ ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಬೆಳೆಗಳ ಬೀಜ ಸಂಪತ್ತನ್ನು ದೇಶಗಳು ಹೇಗೆ ಹಂಚಿಕೊಳ್ಳಬೇಕು ಎಂಬ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೋಮ್‌ನಲ್ಲಿ ಆಯಿತು, 2004ರಲ್ಲಿ ಜಾರಿಗೆ ಬಂತು. ಅದರ 64 ಬೆಳೆಗಳ ಪಟ್ಟಿಯಲ್ಲಿ ಗೋಧಿಯೂ ಇದೆ. ನಮ್ಮಲ್ಲಿ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾನೂನು ರೈತನಿಗೆ ತನ್ನ ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ಕೊಟ್ಟಿದೆ. ಇಂಥ ಮಾತುಕತೆಯಲ್ಲಿ ತೆನೆ ಮುಟ್ಟಿ ಗೊತ್ತಿರುವ ಒಬ್ಬರು ಇಲ್ಲದಿದ್ದರೆ ಏನಾಗುತ್ತದೆ ಅಂತ ನನಗೆ ಅನುಭವ ಇದೆ. ಹೊರದೇಶದ ಬೀಜ ಬ್ಯಾಂಕಿನಿಂದ ನಾನು ಕೇಳಿದ್ದ ಒಂದು ಚಿಕ್ಕ ಪೊಟ್ಟಣ ಒಂದು ಪದದ ಅರ್ಥದ ಜಗಳದಲ್ಲಿ ಸಿಕ್ಕಿ ಇಡೀ ಹಿಂಗಾರು ತಪ್ಪಿಹೋಯಿತು. ಇದರ ಅಪಾಯ ಬೇರೆ. ಹುದ್ದೆಗಳು ಕಡಿಮೆ, ಫಲ ನಿಧಾನ. ಮೇಜಿನ ಮುಂದೆ ಕೂರುವ ಹೊತ್ತಿಗೆ ನಿಮಗೆ ನಲವತ್ತಾಗಿರಬಹುದು.

ಎಂ.ಎಸ್. ಸ್ವಾಮಿನಾಥನ್ ಅವರ ಮುಂದೆಯೂ ಇಂಥದೇ ಆಯ್ಕೆ ಇತ್ತು. ಪೊಲೀಸ್ ಸೇವೆಗೆ ಆಯ್ಕೆಯಾಗಿದ್ದರು. ಅದನ್ನು ಬಿಟ್ಟು ತಳಿಶಾಸ್ತ್ರ ಓದಲು ನೆದರ್‌ಲ್ಯಾಂಡ್ಸ್‌ಗೆ ಹೋದರು. ಮುಂದೆ 1981ರಿಂದ 1985ರವರೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಂಡಳಿಗೆ ಸ್ವತಂತ್ರ ಅಧ್ಯಕ್ಷರಾದರು.

ಮೂರನೆಯದು ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರಗಳು. ಗೋಧಿಗೆ ಮೆಕ್ಸಿಕೋದ ಸಿಮ್ಮಿಟ್ ಇದೆ, ಒಣ ಪ್ರದೇಶಗಳಿಗೆ ಇಕಾರ್ಡಾ ಇದೆ. ಅಲ್ಲಿ ಕೆಲಸ ಹೆಚ್ಚಾಗಿ ಒಪ್ಪಂದದ ಮೇಲೆ, ಅನುದಾನ ನಿಂತರೆ ನೌಕರಿಯೂ ನಿಲ್ಲುತ್ತದೆ. ಯುದ್ಧವೂ ದೂರದ ಮಾತಲ್ಲ. ಇಕಾರ್ಡಾ ಸಿರಿಯಾದ ಅಲೆಪ್ಪೊ ಹತ್ತಿರ ಇತ್ತು. ಅಲ್ಲಿನ ಬೀಜ ಬ್ಯಾಂಕಿನಲ್ಲಿ ಗೋಧಿ, ಬಾರ್ಲಿಗಳ ಕಾಡು ಬಳಗವೂ ಇತ್ತು. ಯುದ್ಧದಿಂದ ಆ ಬ್ಯಾಂಕ್ ಕೈಗೆಟಕದಂತಾಯಿತು. ಅದೃಷ್ಟಕ್ಕೆ ಬೀಜದ ಇನ್ನೊಂದು ಪ್ರತಿಯನ್ನು ನಾರ್ವೆಯ ಸ್ವಾಲ್‌ಬಾರ್ಡ್ ಉಗ್ರಾಣಕ್ಕೆ ಕಳಿಸಿಟ್ಟಿದ್ದರು. 2015ರಲ್ಲಿ ಅದನ್ನು ವಾಪಸ್ ತರಿಸಿ ಲೆಬನಾನ್ ಮತ್ತು ಮೊರಾಕೊದಲ್ಲಿ ಮತ್ತೆ ಬಿತ್ತಿ ಬೆಳೆಸಿದರು. ಆ ಉಗ್ರಾಣದಿಂದ ಬೀಜ ಹೊರಗೆ ಬಂದದ್ದು ಅದೇ ಮೊದಲು.

ನನ್ನನ್ನು ಕೇಳಿದರೆ, ಈ ವರ್ಷ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯಿರಿ. ಸೀಟು ಸಿಕ್ಕರೆ ಸೇರಿಕೊಳ್ಳಿ. ಆ ಎರಡು ವರ್ಷದಲ್ಲಿ ಯುಪಿಎಸ್‌ಸಿ ಓದು ನಿಮಗೆ ಹೊಂದುತ್ತದಾ ಅಂತ ಗೊತ್ತಾಗುತ್ತದೆ. ಎರಡೂ ಕೈಯಲ್ಲಿರುತ್ತದೆ.

ಮತ್ತೆ ತಂಗಿ, ಈ ಹಿಂಗಾರಿನಲ್ಲಿ ಜವೆ ಗೋಧಿ ಬಲಿಯುವ ಹೊತ್ತಿಗೆ ಅಪ್ಪನನ್ನು ಕರೆದುಕೊಂಡು ಗೋಧಿ ಸಂಶೋಧನೆಯ ತಾಕುಗಳಿಗೆ ಹೋಗಿಬನ್ನಿ. ಕಾಡು ಗೋಧಿಯ ಸಾಲು ಇದ್ದರೆ ತೋರಿಸಿ ಅಂತ ಕೇಳಿ. ಬಲಿತ ತೆನೆಯನ್ನು ಅಪ್ಪನ ಅಂಗೈಯಲ್ಲಿಟ್ಟು ಮೆಲ್ಲಗೆ ಒತ್ತಿ. ಅದು ಚೂರುಚೂರಾಗಿ ಉದುರುವುದನ್ನು ಅವರೇ ನೋಡಲಿ. ಪಕ್ಕದೂರಿನ ಚೀಲದ ಬಗ್ಗೆ ಆಮೇಲೆ ನೀವು ಏನೂ ಹೇಳಬೇಕಾಗುವುದಿಲ್ಲ.